ನೋವು ಕೇಳಿದವರ ಪಾಡು



ಬಸವನಗುಡಿಯ ಗಾಂಧಿಬಜಾರಿನ ಸುತ್ತಮುತ್ತ ನೀವು ಓಡಾಡಿದ್ದರೆ ಒಂದು ಸಂಗತಿಯನ್ನು ಗಮನಿಸಿರಬಹುದು. ಅಲ್ಲಿನ ಹಳೆಯ ರಸ್ತೆಗಳು ನೂಲು ಹಿಡಿದು ಎಳೆದಷ್ಟು ನೇರವಾಗಿವೆ. ಮನೆಗಳ ಹಿಂಬದಿಯಲ್ಲಿ ಕಸ ಸಾಗಿಸಲೆಂದೇ ಬಿಟ್ಟ ಸಂದಿಗಳಿವೆ. ಹಿರಿಯರು ಈಗಲೂ ಅವನ್ನು 'ಕನ್ಸರ್‌ವೆನ್ಸಿ' ಎಂದೇ ಕರೆಯುತ್ತಾರೆ. ಮಲ್ಲೇಶ್ವರದ ಅಡ್ಡರಸ್ತೆಗಳಲ್ಲೂ ಇದೇ ಅಚ್ಚುಕಟ್ಟು. ಚಿಕ್ಕಪೇಟೆ, ಬಳೇಪೇಟೆಗಳ ಇಕ್ಕಟ್ಟಿನ ಓಣಿಗಳನ್ನು ನೋಡಿ ಬಂದವರಿಗೆ ಇದು ಬೇರೆಯದೇ ಊರು ಎನ್ನಿಸುತ್ತದೆ. ಈ ಅಚ್ಚುಕಟ್ಟಿನ ಹಿಂದೆ ಒಂದು ದೊಡ್ಡ ಹೆದರಿಕೆ ಇತ್ತು ಎಂಬುದನ್ನು ಮಾತ್ರ ನಾವು ಬಹುಮಟ್ಟಿಗೆ ಮರೆತಿದ್ದೇವೆ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲಿನ ದಾರಿ ಹಿಡಿದು 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಬಂತು. ಪೇಟೆಯ ಜನ ಮನೆಮಠ ಬಿಟ್ಟು ಊರ ಹೊರಗಿನ ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ರೋಗಿಗಳಿಗೆ ಒಂದು ಶಿಬಿರ, ರೋಗಿಗಳ ಜೊತೆ ಇದ್ದವರಿಗೆ ಇನ್ನೊಂದು ಶಿಬಿರ ಎಂದು ಸರ್ಕಾರ ಏರ್ಪಾಡು ಮಾಡಿತು. ಮುಂದೆ ಮೈಸೂರಿನ ದಿವಾನರಾದ ವಿ.ಪಿ. ಮಾಧವರಾಯರು ಆಗ ಪ್ಲೇಗ್ ಕಮಿಷನರ್ ಆಗಿ ಈ ಕೆಲಸದ ಹೊಣೆ ಹೊತ್ತವರು. ಚಾಮರಾಜಪೇಟೆ 1892ರಷ್ಟು ಹಿಂದೆಯೇ ಹುಟ್ಟಿತ್ತು. ಬಸವನಗುಡಿ, ಮಲ್ಲೇಶ್ವರಗಳ ಯೋಜನೆಯೂ ಪ್ಲೇಗಿಗೆ ಮುಂಚೆಯೇ ಆರಂಭವಾಗಿತ್ತು. ಆದರೆ ಅವುಗಳಲ್ಲಿ ಜನ ನೆಲೆಸುವಂತೆ ಅವಸರಪಡಿಸಿದ್ದು ಆ ರೋಗ. ಗಾಳಿ ಬೆಳಕು ಬೇಕು, ಚರಂಡಿ ಬೇಕು, ಮನೆಗೂ ಮನೆಗೂ ನಡುವೆ ಜಾಗ ಬೇಕು ಎಂಬ ಪಾಠವನ್ನು ಊರು ಕಲಿತದ್ದು ಹೀಗೆ.

ಇಷ್ಟು ನಿಮ್ಮ ಪಠ್ಯಪುಸ್ತಕದಲ್ಲಿಯೂ ಇರಬಹುದು. ನಾನು ಕೇಳಬೇಕೆಂದಿರುವ ಪ್ರಶ್ನೆ ಬೇರೆ. ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳು ಆ ಶಿಬಿರಗಳಲ್ಲಿದ್ದರು. ಅವರಿಗೆ ಗಂಜಿ ಕುಡಿಸಿದವರು, ರಾತ್ರಿ ಬೆಚ್ಚಿ ಎದ್ದಾಗ ತಟ್ಟಿ ಮಲಗಿಸಿದವರು, ಗಾಯ ತೊಳೆದವರು ಯಾರೋ ಇದ್ದೇ ಇದ್ದರಲ್ಲ? ಆ ಕೆಲಸ ಅವರ ಮನಸ್ಸಿಗೆ ಏನು ಮಾಡಿತು?

ಆ ದಿನಗಳಲ್ಲಿ ಬೆಂಗಳೂರಿನಲ್ಲಿ ದುಡಿದ ಒಬ್ಬ ವೈದ್ಯರ ಹೆಸರು ಇತಿಹಾಸದಲ್ಲಿ ಉಳಿದಿದೆ. ಅವರು ಡಾ. ಪಲ್ಪು. ಹುಟ್ಟಿದ್ದು 1863ರಲ್ಲಿ, ತಿರುವನಂತಪುರದಲ್ಲಿ. ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರಿನ ವೈದ್ಯಕೀಯ ಇಲಾಖೆಯಲ್ಲಿ ಅವರಿಗೆ ಕೆಲಸ ಸಿಗಲಿಲ್ಲ. ಮೈಸೂರು ಸಂಸ್ಥಾನ ಕೊಟ್ಟಿತು. ಪ್ಲೇಗಿನ ಹಾವಳಿಯಲ್ಲಿ ಪ್ರಾಣದ ಹಂಗು ತೊರೆದು ಕೆಲಸ ಮಾಡಿದವರಲ್ಲಿ ಅವರೂ ಒಬ್ಬರು. ಮುಂದೆ ನಟರಾಜ ಗುರು ಎಂದು ಹೆಸರಾದ ಅವರ ಮಗ ಹುಟ್ಟಿದ್ದು ಇದೇ ಬೆಂಗಳೂರಿನಲ್ಲಿ, 1895ರಲ್ಲಿ. ಎಂದರೆ ಪ್ಲೇಗು ಬಂದಾಗ ಆ ವೈದ್ಯರ ಮನೆಯಲ್ಲಿ ಮೂರು ವರ್ಷದ ಮಗು. ದಿನವಿಡೀ ಸಾಯುವವರ ನಡುವೆ ಇದ್ದು ಮನೆಗೆ ಬಂದ ತಂದೆ ತನ್ನ ಮಗುವನ್ನು ಯಾವ ಕಣ್ಣಿನಿಂದ ನೋಡಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಈ ಕೆಲಸ ಮಾಡುವ ಇಂದಿನವರನ್ನು ಕೇಳಿ ನೋಡಿ. ಆಸ್ಪತ್ರೆಯಿಂದ, ಬಾಲಮಂದಿರದಿಂದ, ಠಾಣೆಯಿಂದ ಮನೆಗೆ ಹೋದಾಗ ಮೊದಲು ಕಾಡುವುದು ಸ್ವಂತ ಮಕ್ಕಳ ಮುಖ ಎಂದು ಅವರು ಹೇಳುತ್ತಾರೆ.

ಪ್ಲೇಗಿಗೆ ಇಪ್ಪತ್ತು ವರ್ಷ ಹಿಂದಕ್ಕೆ ಹೋದರೆ ಅಲ್ಲಿ ಇನ್ನೂ ಭೀಕರವಾದ ಬರಗಾಲವಿದೆ. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷಕ್ಕಿಂತ ಹೆಚ್ಚು. 1881ರ ಗಣತಿಯಲ್ಲಿ 42 ಲಕ್ಷಕ್ಕಿಂತ ಕಡಿಮೆ. ನಡುವೆ 1876ರಿಂದ 1878ರವರೆಗಿನ ಬರ. ಅನಾಥ ಮಕ್ಕಳನ್ನು ಒಂದೆಡೆ ಸೇರಿಸಿ ಸಾಕುವ ಮನೆಗಳು ನಮ್ಮಲ್ಲಿ ಹೆಚ್ಚಾದದ್ದು ಇಂಥ ವಿಪತ್ತುಗಳ ಬೆನ್ನಿಗೇ. ಬಸವನಗುಡಿಯ ಅಬಲಾಶ್ರಮ 1905ರಷ್ಟು ಹಳೆಯದು. ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು 1938ರಲ್ಲಿ ಮಕ್ಕಳಕೂಟವನ್ನು ಕಟ್ಟಿದರು. ಅದು ಅನಾಥಾಲಯವಲ್ಲ, ಮಕ್ಕಳು ಆಡಿ ಹಾಡಿ ಕಲಿಯುವ ತಾಣ. ಆದರೂ ಅವರನ್ನು ಇಲ್ಲಿ ನೆನೆಯುವುದಕ್ಕೆ ಕಾರಣವಿದೆ. ಕಲ್ಯಾಣಮ್ಮನವರು ಬಾಲ್ಯದಲ್ಲೇ ವಿಧವೆಯಾದವರು. ತಾವು ಕಳೆದುಕೊಂಡ ಬಾಲ್ಯವನ್ನು ಊರಿನ ಮಕ್ಕಳಿಗೆ ಕೊಡಿಸಲು ಹೊರಟವರು ಎಂದು ನಾನು ಅವರನ್ನು ಅರ್ಥಮಾಡಿಕೊಳ್ಳುತ್ತೇನೆ. ಮಕ್ಕಳ ಸೇವೆಗೆ ಬರುವ ಅನೇಕರಲ್ಲಿ ಇಂಥದೊಂದು ಹಳೆಯ ಗಾಯವಿರುತ್ತದೆ. ಅದು ಅವರಿಗೆ ಬಲವನ್ನೂ ಕೊಡುತ್ತದೆ, ಕೆಲವು ಸಲ ಸುಲಭವಾಗಿ ನೋಯುವಂತೆಯೂ ಮಾಡುತ್ತದೆ.

ಇಂಥ ಸಂಸ್ಥೆಗಳ ಹಳೆಯ ವಾರ್ಷಿಕ ವರದಿಗಳು ಸಾಮಾನ್ಯವಾಗಿ ಒಂದೇ ಮಾದರಿಯವು. ಎಷ್ಟು ಮಕ್ಕಳು ಸೇರಿದರು, ಎಷ್ಟು ಜನ ಪರೀಕ್ಷೆ ಮುಗಿಸಿದರು, ಯಾವ ಮಹನೀಯರು ಎಷ್ಟು ದಾನ ಕೊಟ್ಟರು, ಅಕ್ಕಿಗೆ ಎಷ್ಟಾಯಿತು, ಸೌದೆಗೆ ಎಷ್ಟಾಯಿತು. ಮೇಲ್ವಿಚಾರಕಿಗೆ ರಾತ್ರಿ ನಿದ್ದೆ ಬರುತ್ತಿತ್ತೇ ಎಂಬುದಕ್ಕೆ ಅಲ್ಲಿ ಕಾಲಮ್ಮಿಲ್ಲ. ಅದಕ್ಕೆ ಯಾರನ್ನೂ ದೂರುವಂತಿಲ್ಲ. ಹೆಸರೇ ಇಲ್ಲದ್ದನ್ನು ಯಾವ ತಲೆಬರಹದ ಕೆಳಗೆ ಬರೆಯುವುದು?

ಈಗ ನಾನು ಕಣ್ಣಾರೆ ಕಂಡದ್ದಕ್ಕೆ ಬರುತ್ತೇನೆ. 1981ರ ಫೆಬ್ರವರಿ 7, ಶನಿವಾರ. ಬೆಂಗಳೂರಿನಲ್ಲಿ ಡೇರೆ ಹಾಕಿದ್ದ ವೀನಸ್ ಸರ್ಕಸ್ಸಿನ ಮಧ್ಯಾಹ್ನದ ಆಟಕ್ಕೆ ಮಕ್ಕಳು ಕಿಕ್ಕಿರಿದಿದ್ದರು. ಡೇರೆಗೆ ಬೆಂಕಿ ಬಿತ್ತು. 92 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಗಾಯಗೊಂಡವರು ನೂರಾರು. ಆ ಸಂಜೆ ಊರಿನ ಆಸ್ಪತ್ರೆಗಳ ಬಾಗಿಲಲ್ಲಿ ತಂದೆತಾಯಿಯರು ಹೇಗೆ ನಿಂತಿದ್ದರು ಎಂಬುದನ್ನು ಬೆಂಗಳೂರಿನ ಹಳಬರು ಇವತ್ತಿಗೂ ಹೇಳುತ್ತಾರೆ.

ನಾನು ಆಗ ಏಳನೆಯ ತರಗತಿಯಲ್ಲಿದ್ದೆ. ಚಾಮರಾಜಪೇಟೆಯ ಒಂದು ವಠಾರದಲ್ಲಿ ನಮ್ಮ ಮನೆ. ಎದುರು ಮನೆಯಲ್ಲಿ ಒಬ್ಬ ನರ್ಸು ಇದ್ದರು. ವಠಾರದ ಮಕ್ಕಳೆಲ್ಲ ಅವರನ್ನು 'ನರ್ಸಕ್ಕ' ಎನ್ನುತ್ತಿದ್ದೆವು. ಊರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನಲ್ಲಿ ಅವರ ಕೆಲಸ. ನಗುನಗುತ್ತ ಇರುತ್ತಿದ್ದ ಹೆಂಗಸು, ಮಾತ್ರೆಯ ಖಾಲಿ ಡಬ್ಬಿಗಳನ್ನು ತಂದು ನಮಗೆ ಆಡಲು ಕೊಡುತ್ತಿದ್ದರು. ಆ ಶನಿವಾರದ ನಂತರ ಎರಡು ದಿನ ಅವರು ಮನೆಗೇ ಬರಲಿಲ್ಲ. ಬಂದ ಮೇಲೆ ದಿನವೂ ಒಂದೇ ಕ್ರಮ. ನೇರ ಬಚ್ಚಲಿಗೆ ಹೋಗಿ ಹಂಡೆಯ ನೀರು ಖಾಲಿಯಾಗುವ ತನಕ ಸುರಿದುಕೊಳ್ಳುವುದು, ಆಮೇಲೆ ಜಗಲಿಯ ಮೇಲೆ ಒಂದು ಗಂಟೆ ಯಾರೊಡನೆಯೂ ಮಾತಿಲ್ಲದೆ ಕೂರುವುದು. ಅಡುಗೆಮನೆಯಿಂದ ಸೌದೆಯ ಹೊಗೆ ಬಂದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದರು.

ಮಾರ್ಚಿನಲ್ಲಿ ಕಾಮನ ಹಬ್ಬ ಬಂತು. ಹುಡುಗರೆಲ್ಲ ಸೇರಿ ಕದ್ದು ತಂದ ಸೌದೆ, ಮುರುಕು ಕುರ್ಚಿ, ತೆಂಗಿನ ಗರಿಗಳನ್ನು ವಠಾರದ ಮುಂದೆ ರಾಶಿ ಹಾಕಿ ಬೆಂಕಿ ಹಚ್ಚಿದೆವು. ನರ್ಸಕ್ಕ ಒಳಗಿನಿಂದ ಕೊಡ ಹಿಡಿದು ಓಡಿ ಬಂದು ಬೆಂಕಿಯ ಮೇಲೂ ನಮ್ಮ ಮೇಲೂ ನೀರು ಸುರಿದರು. ಅಷ್ಟು ಜೋರಾಗಿ ಅವರು ಕಿರುಚಿದ್ದನ್ನು ನಾವು ಎಂದೂ ಕೇಳಿರಲಿಲ್ಲ. ಹಬ್ಬದ ಬೆಂಕಿಗೆ ನೀರು ಹಾಕಿದಳೆಂದು ದೊಡ್ಡವರು ಸಿಟ್ಟಾದರು. "ಆಸ್ಪತ್ರೆಯಲ್ಲಿದ್ದು ಇದ್ದು ಇವಳಿಗೂ ತಲೆ ಕೆಟ್ಟಿದೆ" ಎಂದು ಒಬ್ಬರು ಅಂದರು. ನಮ್ಮಮ್ಮ ಮಾತ್ರ, "ಅವಳು ಏನೇನು ನೋಡಿ ಬಂದಿದ್ದಾಳೋ, ಸುಮ್ಮನಿರಿ" ಎಂದು ನಮ್ಮನ್ನು ಒಳಗೆ ಕರೆದುಕೊಂಡು ಹೋದರು. ಆ ವರ್ಷವೇ ನರ್ಸಕ್ಕ ಕೇಳಿಕೊಂಡು ಕಣ್ಣಿನ ವಿಭಾಗಕ್ಕೆ ವರ್ಗವಾದರು.

ಆ ಬೆಂಕಿಯಲ್ಲಿ ತಮ್ಮವರನ್ನು ಕಳೆದುಕೊಂಡ ಬಂಧುಗಳ ದುಃಖವನ್ನು ಕುರಿತು ನಮ್ಮ ಊರಿನ ನಿಮ್ಹಾನ್ಸ್ ಸಂಸ್ಥೆಯವರು ಅಧ್ಯಯನ ಮಾಡಿದರು. 1987ರಲ್ಲಿ ಅದು ಸಂಸ್ಥೆಯ ನಿಯತಕಾಲಿಕೆಯಲ್ಲಿ ಪ್ರಕಟವಾಯಿತು. ವಿಪತ್ತಿನಲ್ಲಿ ನೊಂದವರ ಮನಸ್ಸನ್ನು ಕುರಿತು ನಮ್ಮ ದೇಶದಲ್ಲಿ ನಡೆದ ಮೊದಮೊದಲ ಅಧ್ಯಯನಗಳಲ್ಲಿ ಅದೂ ಒಂದು. ಅಮೆರಿಕದ ಬಾಸ್ಟನ್ ನಗರದಲ್ಲಿ 1942ರ ನವೆಂಬರಿನಲ್ಲಿ ಕೋಕೋನಟ್ ಗ್ರೋವ್ ಎಂಬ ನೃತ್ಯಶಾಲೆ ಸುಟ್ಟು 492 ಜನ ಸತ್ತಾಗ ಎರಿಕ್ ಲಿಂಡೆಮನ್ ಎಂಬ ಮನೋವೈದ್ಯರು ಬದುಕುಳಿದವರನ್ನೂ ಬಂಧುಗಳನ್ನೂ ಮಾತನಾಡಿಸಿ, 1944ರಲ್ಲಿ ಒಂದು ಪ್ರಸಿದ್ಧ ಲೇಖನ ಬರೆದಿದ್ದರು. ಬೆಂಗಳೂರಿನ ಅಧ್ಯಯನವೂ ಆ ಪರಂಪರೆಯದೇ. ಎರಡರಲ್ಲೂ ದೃಷ್ಟಿ ಹರಿದದ್ದು ನೊಂದವರ ಮತ್ತು ಅವರ ಮನೆಯವರ ಕಡೆಗೆ, ಅದು ಸಹಜವೂ ಹೌದು. ವಾರ್ಡಿನಲ್ಲಿ ಪಟ್ಟಿ ಬದಲಾಯಿಸುತ್ತಿದ್ದವರ ಸರದಿ ಇನ್ನೂ ಬಂದಿರಲಿಲ್ಲ.

ಹೆಸರು ಹುಟ್ಟಿದ ಕಥೆಯನ್ನು ಈಗ ಸ್ವಲ್ಪ ವಿವರವಾಗಿ ನೋಡೋಣ. ದೂರದರ್ಶನದ ಮಾತಿನಲ್ಲಿ ಸಮಯ ಸಾಲದೆ ಇದನ್ನು ಎರಡೇ ವಾಕ್ಯದಲ್ಲಿ ಮುಗಿಸಿದ್ದೆ. 1974ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನೋವಿಜ್ಞಾನಿ ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯಗಳ ಸೇವಕರಲ್ಲಿ ಕಂಡ ದಣಿವಿಗೆ 'ಬರ್ನ್‌ಔಟ್' ಎಂದರು. ಉರಿದು ಬೂದಿಯಾಗುವುದು ಎಂದು ಅರ್ಥ. ಯುದ್ಧ, ಅಪಘಾತ, ಅತ್ಯಾಚಾರಗಳನ್ನು ಅನುಭವಿಸಿದವರಲ್ಲಿ ಉಳಿದುಬಿಡುವ ಆಘಾತದ ಲಕ್ಷಣಗಳಿಗೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅಧಿಕೃತ ಸ್ಥಾನ ದೊರೆತದ್ದು 1980ರಲ್ಲಿ, ಎಂದರೆ ನಮ್ಮ ಸರ್ಕಸ್ ಬೆಂಕಿಗೆ ಒಂದೇ ವರ್ಷ ಮೊದಲು. ಆ ಆಘಾತದ ಕಥೆಯನ್ನು ದಿನವೂ ಕೇಳುವವರ ಲೋಕದೃಷ್ಟಿಯೇ ಮೆಲ್ಲಗೆ ಬದಲಾಗುತ್ತದೆ ಎಂದು 1990ರಲ್ಲಿ ಮೆಕಾನ್ ಮತ್ತು ಪರ್ಲ್‌ಮನ್ ಎಂಬಿಬ್ಬರು ಬರೆದರು. 1992ರಲ್ಲಿ ಜೋಯಿನ್‌ಸನ್ ಎಂಬುವರು ದಾದಿಯರ ಪತ್ರಿಕೆಯೊಂದರಲ್ಲಿ 'ಕರುಣೆಯ ಬಳಲಿಕೆ' ಎಂಬ ಮಾತನ್ನು ಬಳಸಿದರು. 1995ರಲ್ಲಿ ಚಾರ್ಲ್ಸ್ ಫಿಗ್ಲಿ ಅದೇ ಹೆಸರಿನ ಪುಸ್ತಕ ತಂದ ಮೇಲೆ ಮಾತು ಎಲ್ಲೆಡೆ ಹರಡಿತು. ಇಂಗ್ಲಿಷಿನ 'ಸೆಕೆಂಡರಿ ಟ್ರಾಮಾಟಿಕ್ ಸ್ಟ್ರೆಸ್' ಎಂಬುದನ್ನು ನಾವು ಕನ್ನಡದಲ್ಲಿ ಪರೋಕ್ಷ ಆಘಾತ ಎನ್ನೋಣ. ಬೆಂಕಿಯಲ್ಲಿ ಬೆಂದವನು ಬೇರೆ, ಅದರ ಕಾವು ತಗುಲಿದವನು ಬೇರೆ. ಕಾವು ತಗುಲಿದ್ದೂ ಸುಡುತ್ತದೆ.

ಬರ್ನ್‌ಔಟ್ ಮತ್ತು ಪರೋಕ್ಷ ಆಘಾತ ಒಂದೇ ಎಂದು ತಿಳಿಯಬೇಡಿ. ಮೊದಲನೆಯದು ಕೆಲಸದ ಹೊರೆಯಿಂದ ನಿಧಾನವಾಗಿ ಬರುವ ದಣಿವು. ಬ್ಯಾಂಕಿನ ಗುಮಾಸ್ತನಿಗೂ ಬರಬಹುದು. ಪರೋಕ್ಷ ಆಘಾತ ಒಂದೇ ಮಗುವಿನ ಒಂದೇ ಕಥೆಯಿಂದ ಥಟ್ಟನೆ ಬರಬಹುದು. ಅದರ ಲಕ್ಷಣಗಳು ನೊಂದ ಮಗುವಿನ ಲಕ್ಷಣಗಳನ್ನೇ ಹೋಲುತ್ತವೆ. ಕರೆಯದೆ ಕಣ್ಣ ಮುಂದೆ ಬರುವ ಚಿತ್ರಗಳು, ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚುವುದು, ನೆನಪು ತರುವ ಜಾಗ ವಾಸನೆಗಳಿಂದ ತಪ್ಪಿಸಿಕೊಳ್ಳುವುದು, ಸಿಡುಕು, ಸ್ವಂತ ಮಕ್ಕಳನ್ನು ಮನೆಯಿಂದ ಹೊರಗೆ ಬಿಡಲಾರದ ಭಯ. ನರ್ಸಕ್ಕನನ್ನು ಒಮ್ಮೆ ನೆನಪಿಸಿಕೊಳ್ಳಿ.

ಮಕ್ಕಳೊಡನೆ ಕೆಲಸ ಮಾಡುವವರಿಗೆ ಇದು ಹೆಚ್ಚು ತಟ್ಟುವುದೇಕೆ? ದೊಡ್ಡವನೊಬ್ಬ ತನ್ನ ಕಷ್ಟವನ್ನು ಮಾತಿನಲ್ಲಿ ಹೇಳುತ್ತಾನೆ. ಮಾತು ನೋವಿಗೆ ಒಂದು ಅಂಚು ಕಟ್ಟುತ್ತದೆ. ಆರು ವರ್ಷದ ಮಗು ಹಾಗೆ ಹೇಳುವುದಿಲ್ಲ. ಬೊಂಬೆಯ ಕೈ ತಿರುಚಿ ತೋರಿಸುತ್ತದೆ, ಕಪ್ಪು ಬಳಪದಿಂದ ಕಾಗದವನ್ನೆಲ್ಲ ತುಂಬಿಸುತ್ತದೆ, ಅರ್ಧ ಹೇಳಿ ಮೇಜಿನ ಕೆಳಗೆ ಹೋಗಿ ಕೂರುತ್ತದೆ. ಉಳಿದ ಅರ್ಧವನ್ನು ಕೇಳುವವರು ತಮ್ಮ ಕಲ್ಪನೆಯಿಂದಲೇ ತುಂಬಿಕೊಳ್ಳಬೇಕು. ಹಾಗೆ ತುಂಬಿಕೊಂಡ ಚಿತ್ರ ಆಮೇಲೆ ಅವರದೇ ಆಗಿಬಿಡುತ್ತದೆ. ಇದರ ಜೊತೆಗೆ, ಮಗುವನ್ನು ಕಂಡರೆ ಕಾಪಾಡಬೇಕೆನ್ನಿಸುವುದು ಸಹಜ. ಆದರೆ ಆಗಬಾರದ್ದು ಆಗಲೇ ಆಗಿಹೋಗಿದೆ. ಕಾಪಾಡಲು ಚಾಚಿದ ಕೈಗೆ ಕೆಲಸವಿಲ್ಲದೆ ಉಳಿಯುತ್ತದೆ.

2013ರಲ್ಲಿ ಅಮೆರಿಕದ ಆ ಕೈಪಿಡಿಯ ಐದನೆಯ ಆವೃತ್ತಿ ಬಂದಾಗ, ಕೆಲಸದ ಭಾಗವಾಗಿ ಭೀಕರ ವಿವರಗಳನ್ನು ಮತ್ತೆ ಮತ್ತೆ ಎದುರಿಸುವುದೂ ಆಘಾತಕ್ಕೆ ಕಾರಣವಾಗಬಹುದೆಂದು ಅದರಲ್ಲಿ ಸ್ಪಷ್ಟವಾಗಿ ಸೇರಿಸಿದರು. ಅದಕ್ಕೆ ಅವರು ಕೊಟ್ಟ ಉದಾಹರಣೆಗಳಲ್ಲಿ ಒಂದು, ಮಕ್ಕಳ ಮೇಲಿನ ದೌರ್ಜನ್ಯದ ವಿವರಗಳನ್ನು ಪದೇ ಪದೇ ಕೇಳಬೇಕಾದ ಪೊಲೀಸರದು. ಟೀವಿಯಲ್ಲಿ, ಚಿತ್ರಗಳಲ್ಲಿ ನೋಡಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ, ಅದು ಉದ್ಯೋಗದ ಭಾಗವಾಗಿದ್ದರೆ ಮಾತ್ರ ಬರುತ್ತದೆ ಎಂಬ ಷರತ್ತೂ ಇದೆ. ಟೀವಿಯ ಕಾರ್ಯಕ್ರಮದ ಪುಸ್ತಿಕೆಯಲ್ಲಿ ಈ ಮಾತನ್ನು ಬರೆಯುವಾಗ ನನಗೆ ನಗು ಬಂತು. ಆದರೆ ಷರತ್ತು ಸರಿಯಾದದ್ದೇ.

ಹೆಸರು ಹುಟ್ಟುವ ಮೊದಲೂ ಒಬ್ಬ ಪೋಷಕ ತನ್ನ ಒಳಗನ್ನು ಬರೆದಿಟ್ಟದ್ದುಂಟು. ಪೋಲೆಂಡಿನ ಯಾನುಷ್ ಕೋರ್ಚಾಕ್ ಮಕ್ಕಳ ವೈದ್ಯ, ಬರಹಗಾರ. 1912ರಿಂದ ವಾರ್ಸಾ ನಗರದಲ್ಲಿ ಯಹೂದಿ ಅನಾಥ ಮಕ್ಕಳ ಮನೆಯೊಂದನ್ನು ನಡೆಸುತ್ತಿದ್ದವರು. 1940ರಲ್ಲಿ ನಾಜಿಗಳು ಆ ಮಕ್ಕಳನ್ನೂ ಗೋಡೆ ಕಟ್ಟಿದ ಘೆಟ್ಟೋವಿಗೆ ದೂಡಿದರು. ಹಸಿವು, ರೋಗ, ಬೀದಿಯಲ್ಲಿ ಹೆಣಗಳು. 1942ರ ಮೇ ತಿಂಗಳಿನಿಂದ ಆಗಸ್ಟ್ ಮೊದಲ ದಿನಗಳವರೆಗೆ, ಮಕ್ಕಳು ಮಲಗಿದ ಮೇಲೆ ಕೋರ್ಚಾಕ್ ದಿನಚರಿ ಬರೆದರು. ಅದರಲ್ಲಿ ಆಯಾಸವಿದೆ, ಸಿಡುಕಿದೆ, ಸಾವಿನ ಯೋಚನೆಯಿದೆ. ಅದರ ನಡುವೆಯೇ ಮಕ್ಕಳ ತೂಕದ ಲೆಕ್ಕವೂ ಇದೆ. ಜುಲೈ 18ರಂದು ಆ ಮಕ್ಕಳಿಂದ ಅವರು ಆಡಿಸಿದ ನಾಟಕ ನಮ್ಮ ರವೀಂದ್ರನಾಥ ಠಾಕೂರರ 'ಡಾಕಘರ್'. ಸಾಯುತ್ತಿರುವ ಹುಡುಗನೊಬ್ಬ ಕಿಟಕಿಯ ಬಳಿ ಕುಳಿತು ರಾಜನ ಓಲೆಗಾಗಿ ಕಾಯುವ ನಾಟಕ ಅದು. ಮೂರು ವಾರ ಕಳೆಯುವುದರೊಳಗೆ ಸುಮಾರು 200 ಮಕ್ಕಳೊಡನೆ ಕೋರ್ಚಾಕರನ್ನೂ, ಬಹುಕಾಲದ ಸಹೋದ್ಯೋಗಿ ಸ್ಟೆಫಾನಿಯಾ ವಿಲ್ಚಿನ್ಸ್ಕಾ ಅವರನ್ನೂ ಟ್ರೆಬ್ಲಿಂಕಾದ ಕೊಲೆಗಾರ ಶಿಬಿರಕ್ಕೆ ಸಾಗಿಸಲಾಯಿತು. ಜಗತ್ತು ಅವರನ್ನು ಹುತಾತ್ಮ ಎಂದು ನೆನೆಯುತ್ತದೆ. ಅವರ ದಿನಚರಿಯನ್ನು ಮಾತ್ರ ನಾನು ಬೇರೆ ಕಾರಣಕ್ಕೆ ನಿಮಗೆ ಹೇಳುತ್ತಿದ್ದೇನೆ. ಎಷ್ಟು ಪ್ರೀತಿಯಿದ್ದರೂ ದಣಿವು ತಪ್ಪುವುದಿಲ್ಲ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ನನಗೆ ಸಿಕ್ಕಿಲ್ಲ. ದಣಿದವನು ಪ್ರೀತಿ ಕಡಿಮೆಯಾದವನು ಎಂದು ನಾವು ಲಘುವಾಗಿ ತೀರ್ಮಾನಿಸಿಬಿಡುತ್ತೇವೆ.

ಬೆಂಗಳೂರಿಗೆ ಮರಳೋಣ. ನಮ್ಮ ಕನ್ನಡದಲ್ಲಿ ಮನಸ್ಸಿನ ಕಾಯಿಲೆಗಳ ಬಗ್ಗೆ ಜನಸಾಮಾನ್ಯರಿಗೆ ತಿಳಿಯುವಂತೆ ಬರೆದವರಲ್ಲಿ ಡಾ. ಎಂ. ಶಿವರಾಂ ಹಿರಿಯರು. 'ರಾಶಿ' ಎಂದರೆ ನಿಮ್ಮ ಅಜ್ಜ ಅಜ್ಜಿಯರಿಗೆ ಕೂಡಲೇ ಗೊತ್ತಾಗುತ್ತದೆ. ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಇವರೇ 1942ರಲ್ಲಿ 'ಕೊರವಂಜಿ' ಎಂಬ ಹಾಸ್ಯಪತ್ರಿಕೆಯನ್ನು ಆರಂಭಿಸಿದವರೂ ಹೌದು. ಹಗಲೆಲ್ಲ ರೋಗಿಗಳ ಗೋಳು ಕೇಳುವ ವೈದ್ಯ ನಗೆಬರಹಗಳನ್ನು ತಿದ್ದುತ್ತ ಕುಳಿತದ್ದರಲ್ಲಿ ಏನೋ ಒಂದು ಜಾಣತನವಿದೆ ಎಂದು ನನಗೆ ಯಾವಾಗಲೂ ಅನ್ನಿಸಿದೆ.

1980ರಲ್ಲಿ ಬೆಂಗಳೂರಿನ ಬೀದಿಮಕ್ಕಳ ನಡುವೆ 'ಬಾಸ್ಕೊ' ಸಂಸ್ಥೆ ಕೆಲಸ ಆರಂಭಿಸಿತು. ರೈಲು ನಿಲ್ದಾಣದಲ್ಲಿ, ಬಸ್ ನಿಲ್ದಾಣದಲ್ಲಿ ಮನೆ ಬಿಟ್ಟು ಬಂದಿಳಿದ ಮಕ್ಕಳನ್ನು ಮಾತನಾಡಿಸುವುದರಿಂದ ಅವರ ಕೆಲಸ ಮೊದಲಾಗುತ್ತದೆ. 1984ರ ಭೋಪಾಲ್ ಅನಿಲ ದುರಂತದ ಮರುವರ್ಷ ಡಾ. ಆರ್. ಶ್ರೀನಿವಾಸಮೂರ್ತಿ ಮತ್ತಿತರ ನಿಮ್ಹಾನ್ಸ್ ವೈದ್ಯರು ಅಲ್ಲಿನ ವೈದ್ಯಾಧಿಕಾರಿಗಳಿಗೆ ಮನಸ್ಸಿನ ಆರೈಕೆಯ ತರಬೇತಿ ಕೊಟ್ಟರು. 1999ರ ಒರಿಸ್ಸಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ, ಹೀಗೆ ಒಂದೊಂದು ವಿಪತ್ತಿನಲ್ಲೂ ಬೆಂಗಳೂರಿನಿಂದ ತಂಡಗಳು ಹೋದವು. ಹಳ್ಳಿಯ ಶಿಕ್ಷಕರು, ಅಂಗನವಾಡಿಯವರು, ಯುವಕಯುವತಿಯರು ನೊಂದವರಿಗೆ ಹೇಗೆ ಕಿವಿಗೊಡಬೇಕೆಂಬುದನ್ನು ಕಲಿಸುವುದು ಕ್ರಮವಾಯಿತು. ಆ ತರಬೇತಿಯಲ್ಲಿ ಕೇಳುವವರು ತಮ್ಮನ್ನು ತಾವು ಹೇಗೆ ನೋಡಿಕೊಳ್ಳಬೇಕೆಂಬ ಪಾಠವೂ ಸೇರಿತು. ನರ್ಸಕ್ಕನ ಕಾಲದಲ್ಲಿ ಇಲ್ಲದಿದ್ದ ತಲೆಬರಹ ಕೊನೆಗೂ ಕಾಗದದ ಮೇಲೆ ಬಂತು.

2012ರ ನವೆಂಬರ್ 14ರಿಂದ ಜಾರಿಗೆ ಬಂದ ಪೋಕ್ಸೋ ಕಾನೂನು ಈ ಇತಿಹಾಸದಲ್ಲಿ ಒಂದು ಮುಖ್ಯ ತಿರುವು. ದೌರ್ಜನ್ಯಕ್ಕೊಳಗಾದ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದಕ್ಕೆ ಒಗ್ಗುವ ಜಾಗದಲ್ಲೋ ಪಡೆಯಬೇಕು, ಪೊಲೀಸರು ಸಮವಸ್ತ್ರದಲ್ಲಿರಬಾರದು, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ನ್ಯಾಯಾಲಯದಲ್ಲಿ ಮಗುವನ್ನು ಮತ್ತೆ ಮತ್ತೆ ಕರೆಸಬಾರದು. ಎಲ್ಲವೂ ಮಗುವಿನ ದೃಷ್ಟಿಯಿಂದ ಅತ್ಯಗತ್ಯವಾದ ನಿಯಮಗಳು. ಆದರೆ ಲೆಕ್ಕವನ್ನು ಇನ್ನೊಂದು ಕಡೆಯಿಂದ ಮಾಡಿ ನೋಡಿ. ಒಂದು ಮಗು ತನ್ನ ಕಥೆಯನ್ನು ಆದಷ್ಟು ಕಡಿಮೆ ಸಲ ಹೇಳುತ್ತದೆ. ಕುರ್ಚಿಯ ಈಚೆ ಕುಳಿತ ಅದೇ ಅಧಿಕಾರಿ, ಅದೇ ಆಪ್ತಸಮಾಲೋಚಕಿ, ಅದೇ ವೈದ್ಯೆ ವರ್ಷವೆಲ್ಲ ಇಂಥ ಕಥೆಗಳನ್ನು ಕೇಳುತ್ತಲೇ ಇರುತ್ತಾರೆ. ಯಾವ ದಿನ, ಯಾವ ಕೋಣೆ, ಬಾಗಿಲು ಯಾವ ಬಣ್ಣ ಎಂದು ಅವರು ಕೇಳಲೇಬೇಕು. ಕೇಳದಿದ್ದರೆ ಮೊಕದ್ದಮೆ ನಿಲ್ಲುವುದಿಲ್ಲ. ಕೇಳಿದ ಕಿವಿಗಳ ಬಗ್ಗೆ ಆ ಕಾನೂನಿನಲ್ಲಿ ಕಲಮಿಲ್ಲ.

ಹಾಗಾದರೆ ಪರಿಹಾರವೇನು? ಇಲ್ಲಿಯೂ ಇತಿಹಾಸ ಒಂದು ಎಚ್ಚರಿಕೆ ಕೊಡುತ್ತದೆ. 1983ರಲ್ಲಿ ಜೆಫ್ರಿ ಮಿಚೆಲ್ ಎಂಬ ಅಮೆರಿಕದವರು ಒಂದು ಕ್ರಮವನ್ನು ಸೂಚಿಸಿದರು. ಭೀಕರ ಘಟನೆಯಾದ ಕೂಡಲೇ ಅಗ್ನಿಶಾಮಕ ದಳದವರನ್ನೂ ಇತರ ಸಹಾಯಕರನ್ನೂ ಒಟ್ಟಿಗೆ ಕೂರಿಸಿ, ಕಂಡದ್ದನ್ನೆಲ್ಲ ಒಂದೇ ಬೈಠಕ್ಕಿನಲ್ಲಿ ಹೇಳಿಸಿಬಿಡುವುದು. ಕೇಳಲು ಚೆನ್ನಾಗಿದೆ, ಅನೇಕ ದೇಶಗಳಲ್ಲಿ ಜನಪ್ರಿಯವೂ ಆಯಿತು. ಆಘಾತಕ್ಕೊಳಗಾದವರಿಗೆ ಇಂಥ ಒಂದೇ ಸಲದ ಬೈಠಕ್ಕು ಮಾಡಿಸುವುದನ್ನು ಸಂಶೋಧಕರು ಪರೀಕ್ಷಿಸಿ ನೋಡಿದಾಗ, ಅದು ಮುಂದಿನ ಕಾಯಿಲೆಯನ್ನು ತಡೆಯುವುದಿಲ್ಲ, ಕೆಲವರಿಗೆ ತೊಂದರೆಯನ್ನೇ ಹೆಚ್ಚಿಸಬಹುದು ಎಂದು ಕಂಡುಬಂತು. ಒಳ್ಳೆಯ ಉದ್ದೇಶ ಒಂದೇ ಸಾಲದು, ಅಳೆದು ನೋಡಬೇಕು ಎಂಬುದು ವಿಜ್ಞಾನದ ವಿದ್ಯಾರ್ಥಿಗಳಾದ ನಿಮಗೆ ಗೊತ್ತಿರುವ ಮಾತೇ.

ಉಪಯೋಗಕ್ಕೆ ಬಂದದ್ದು ಇಷ್ಟು ನಾಟಕೀಯವಲ್ಲದ ವಿಷಯಗಳು. ಪ್ರತಿ ವಾರ ಒಬ್ಬ ಹಿರಿಯರ ಮುಂದೆ ಕೂತು ಮಕ್ಕಳ ವಿಷಯವನ್ನೂ ತನ್ನ ಪಾಡನ್ನೂ ಮಾತನಾಡುವ ಕ್ರಮ, ಒಬ್ಬರ ತಲೆಯ ಮೇಲೆ ಮಿತಿ ಮೀರಿ ಮಕ್ಕಳನ್ನು ಹೊರಿಸದಿರುವುದು, ಕಠಿಣವಾದ ಕೆಲಸದ ನಡುವೆ ಹಗುರವಾದ ಕೆಲಸವನ್ನೂ ಕೊಡುವುದು, ಹೊಸಬರನ್ನು ಒಂಟಿಯಾಗಿ ಬಿಡದಿರುವುದು, ರಜೆ ಕೇಳಿದವರನ್ನು ಕೈಲಾಗದವರೆಂದು ಕಾಣದಿರುವುದು. ಅರವತ್ತು ಮಕ್ಕಳನ್ನು ಒಬ್ಬಳೇ ವಾರ್ಡನ್ನಿಗೆ ಒಪ್ಪಿಸಿ, ಆಕೆ ಕುಸಿದಾಗ "ಬೆಳಿಗ್ಗೆ ಯೋಗ ಮಾಡಿ" ಎಂದು ಉಪದೇಶಿಸುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಯೋಗದ ಮೇಲೆ ನನಗೇನೂ ಕೋಪವಿಲ್ಲ. ಕೊರತೆ ವ್ಯವಸ್ಥೆಯಲ್ಲಿದ್ದಾಗ ಅದನ್ನು ಆಕೆಯ ಉಸಿರಾಟದಲ್ಲಿ ಹುಡುಕಬಾರದು, ಅಷ್ಟೇ. 2020ರಲ್ಲಿ ನಿಮ್ಹಾನ್ಸ್‌ನಲ್ಲಿ ಆರಂಭವಾದ 'ಸಂವಾದ್' ಎಂಬ ಕಾರ್ಯಕ್ರಮ ಸಂಕಷ್ಟದಲ್ಲಿರುವ ಮಕ್ಕಳ ಪೋಷಕರು, ಶಿಕ್ಷಕರು, ಮಕ್ಕಳ ಕಲ್ಯಾಣ ಸಮಿತಿಯವರು ಮೊದಲಾದವರಿಗೆ ದೇಶದಾದ್ಯಂತ ತರಬೇತಿ ಕೊಟ್ಟಿದೆ. 2022ರ ಅಕ್ಟೋಬರಿನಲ್ಲಿ ತೆರೆದ 'ಟೆಲಿ ಮನಸ್' ದೂರವಾಣಿಗೆ, 14416ಕ್ಕೆ, ನೊಂದವರು ಮಾತ್ರವಲ್ಲ, ನೊಂದವರನ್ನು ನೋಡಿಕೊಳ್ಳುವವರೂ ಕನ್ನಡದಲ್ಲೇ ಮಾತನಾಡಬಹುದು.

ಇನ್ನೊಂದು ವಿಷಯ. 2007ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ ರಾಜಕೀಯ ಹಿಂಸೆಗೆ ಸಿಲುಕಿದವರ ಚಿಕಿತ್ಸಕರನ್ನು ಮಾತನಾಡಿಸಿದ ಸಂಶೋಧಕರು, ನೋವಿನಂತೆ ಧೈರ್ಯವೂ ಕೇಳುವವರಿಗೆ ದಾಟುತ್ತದೆ ಎಂದು ಬರೆದರು. ಚೇತರಿಸಿಕೊಂಡು ನಗುವ ಮಗು ತನ್ನ ದಾದಿಗೆ ಏನನ್ನು ಕೊಟ್ಟುಹೋಗುತ್ತದೆ ಎಂಬುದನ್ನು ಈ ಕೆಲಸದವರು ಯಾವತ್ತಿನಿಂದಲೂ ಬಲ್ಲರು.

ಕೆಲವು ವರ್ಷಗಳ ಹಿಂದೆ ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲಿ ಹೂ ಕೊಳ್ಳುತ್ತಿದ್ದ ವಯಸ್ಸಾದ ಹೆಂಗಸೊಬ್ಬರನ್ನು ಕಂಡೆ. ನರ್ಸಕ್ಕ! ಮಗಳ ಮನೆ ಅಲ್ಲೇ ಹತ್ತಿರ. ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತ, ನಾನು ಈಗ ಓದುತ್ತಿರುವ ವಿಷಯವನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅದಕ್ಕೂ ಒಂದು ಹೆಸರು ಇಟ್ಟಿದ್ದಾರಾ?" ಎಂದರು. "ಆಗ ನನಗೆ ನಾನೇ ಕೆಟ್ಟವಳಾಗಿ ಹೋದೆ ಅನ್ನಿಸಿತ್ತಪ್ಪ. ಕೈಲಾಗದೆ ಓಡಿಹೋದೆ ಅಂತ. ಕಣ್ಣಿನ ವಾರ್ಡಿಗೆ ಬಂದಮೇಲೂ ಬಹಳ ದಿನ ಆ ಕಡೆಯ ವರಾಂಡದಲ್ಲಿ ನಾನು ನಡೀತಾ ಇರಲಿಲ್ಲ, ಸುತ್ತಿಕೊಂಡು ಹೋಗ್ತಿದ್ದೆ."

ಆಮೇಲೆ ಲೋಟ ಕೆಳಗಿಟ್ಟು ನನ್ನ ಮುಖವನ್ನೇ ನೋಡಿ ಕೇಳಿದರು: "ಕಾಮನ ಹಬ್ಬದ ದಿನ ನೀನೂ ಇದ್ದೆಯಲ್ಲ? ನೀರು ನಿನ್ನ ಮೇಲೂ ಬಿತ್ತೇನೋ?"

ಬಿತ್ತು ಎಂದೆ.